ಅಪ್ಪನ ಮೊಳೆಡಬ್ಬಿ

ಹಲಗೆ ಸದ್ದಿಲ್ಲದೆ ಸರಿಯಿತು. ದೋಣಿ ಕಟ್ಟುವ ಮರದ ಕಟ್ಟೆಯ ಮೇಲೆ ನಡೆಯುತ್ತಿದ್ದ ತಮ್ಮನ ಬಲಗಾಲು ತೊಡೆಯವರೆಗೂ ಸಂದಿನೊಳಗೆ ಇಳಿಯಿತು. ಜೇಬಿನಲ್ಲಿದ್ದುದೇನೋ ತೊಡೆಗೆ ಚುಚ್ಚಿತು. ಅವನು ಪಕ್ಕದ ಗೂಟವನ್ನು ಬಿಗಿಹಿಡಿದ. ಕೆಳಗೆ ಸರೋವರದ ನೀರು ಕಪ್ಪಗಿತ್ತು, ತಳ ಕಾಣಲಿಲ್ಲ.

ಕಾಲನ್ನು ಎಳೆದುಕೊಂಡು ಕುಳಿತವನು ಮೊದಲು ನೋಡಿದ್ದು ತರಚಿದ ಗಾಯವನ್ನಲ್ಲ, ಹಲಗೆಯ ತುದಿಯನ್ನು. ಕಳೆದ ಭಾನುವಾರ ತಾನೇ ಬಡಿದಿದ್ದ ನಾಲ್ಕು ಮೊಳೆಗಳ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಮರ ಎಲ್ಲಿಯೂ ಸೀಳಿರಲಿಲ್ಲ. ಯಾರೋ ಸಾವಧಾನವಾಗಿ ಕಿತ್ತಿದ್ದರು.

"ಬಿದ್ದೆಯೇನೋ?" ಅಡುಗೆಮನೆಯ ಕಿಟಕಿಯಿಂದ ಅಕ್ಕ ಕೇಳಿದಳು. ದನಿಯಲ್ಲಿ ಗಾಬರಿಯಿರಲಿಲ್ಲ.

"ಇಲ್ಲ. ಕಾಲು ಜಾರಿತು."

"ನೋಡ್ಕೊಂಡು ನಡಿ. ಚಿಕ್ಕಂದಿನಿಂದ್ಲೂ ನಿನ್ನ ಕಣ್ಣು ಮೇಲೇ."

ದಂಡೆಯ ಆ ಮರದ ಮನೆಯನ್ನು ಅಪ್ಪ ಇಬ್ಬರ ಹೆಸರಿಗೂ ಬರೆದಿಟ್ಟು ಹೋಗಿದ್ದರು. ಉಯಿಲಿನಲ್ಲಿ ಷರತ್ತುಗಳಿದ್ದವು. ಮಕ್ಕಳಿಬ್ಬರೂ ತಮ್ಮ ಕೈಯಾರೆ ಮನೆಯನ್ನು ದುರಸ್ತಿ ಮಾಡಬೇಕು. ಕೆಲಸ ಮುಗಿಯಿತೆಂದು ಅಪ್ಪನ ಗೆಳೆಯನಾದ ಬಡಗಿ ಒಪ್ಪಿದ ಮೇಲೆ ಅದನ್ನು ಮಾರಿ ಹಂಚಿಕೊಳ್ಳಬಹುದು. ಅದಕ್ಕೆ ಮುನ್ನ ಒಬ್ಬರು ಕಾಲವಾದರೆ ಮನೆ ಇಡಿಯಾಗಿ ಇನ್ನೊಬ್ಬರದು.

ಅಮ್ಮ ತೀರಿಕೊಂಡ ದಿನ ಆಡಿದ ಒಂದು ಬಿರುನುಡಿ ಅಕ್ಕತಮ್ಮಂದಿರನ್ನು ಹನ್ನೊಂದು ವರ್ಷ ದೂರವಿರಿಸಿತ್ತು. ಈಗ ಎಂಟು ತಿಂಗಳಿಂದ ಪ್ರತಿ ಭಾನುವಾರ ಇಬ್ಬರೂ ಒಂದೇ ಸೂರಿನಡಿ ಸೇರುತ್ತಿದ್ದರು. ಮಾತು ಉಳಿ ಸುತ್ತಿಗೆಗಳ ಮಟ್ಟಿಗೆ ಮಾತ್ರ ಮರಳಿತ್ತು.

ಮಧ್ಯಾಹ್ನ ಬಡಗಿ ಬಂದ. ಬಗ್ಗಿ, ತೂತುಗಳ ಮೇಲೆ ಹೆಬ್ಬೆರಳಾಡಿಸಿದ.

"ಹೋದ ತಿಂಗಳು ಕಿಟಕಿಯ ಕೀಲು ಕಳಚಿತ್ತು. ಚಾವಣಿ ಮೂರು ಸಲ ಸೋರಿತು. ಈಗ ಇದು."

"ಚಾವಣಿ ಸೋರಿದ್ದು ಗಾಳಿಗೆ ಇರ್ಬೇಕು," ಎಂದ ತಮ್ಮ.

"ಗಾಳಿ ಕೈಗೆ ಇಕ್ಕಳ ಕೊಟ್ಟೋರು ಯಾರಯ್ಯ?" ಬಡಗಿ ದನಿ ತಗ್ಗಿಸಿದ. "ಒಂದೇ ತಾಯಿ ಮಕ್ಕಳ ನಡುವೆ ನಾನು ಹುಳಿ ಹಿಂಡಬಾರದು. ಆದ್ರೂ ಕೇಳ್ತೀನಿ. ಈ ಮನೆ ಬೀಗದ ಕೈ ಎಷ್ಟು ಜನರ ಹತ್ರ ಇದೆ?"

"ಇಬ್ಬರ ಹತ್ರ."

"ಹಾಗಾದ್ರೆ ಲೆಕ್ಕ ಸುಲಭ."



ಸಂಶಯ ಗೆದ್ದಲಿನ ಜಾತಿಯದು. ಹೊರಗೆ ಬಣ್ಣ ಮಾಸುವುದಿಲ್ಲ. ಒಳಗೆ ತೊಲೆ ಟೊಳ್ಳಾಗುತ್ತದೆ. ಹಗ್ಗವನ್ನು ಒಮ್ಮೆ ಹಾವೆಂದು ಕಂಡವನಿಗೆ ಆ ಹಗ್ಗ ಬುಸುಗುಟ್ಟುವುದೂ ಕೇಳಿಸುತ್ತದೆ. ಬಡಗಿ ಹೋದ ಮೇಲೆ ಅಕ್ಕ ತಂದಿಟ್ಟ ಚಹಾವನ್ನು ತಮ್ಮ ಮೆಟ್ಟಿಲ ಬಳಿಯ ಗಿಡಕ್ಕೆ ಸುರಿದ.

"ಚಹಾ ಕುಡೀಲಿಲ್ವಾ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಬಿಸಿ ಇತ್ತು."

"ಗಿಡಕ್ಕೆ ಬಿಸಿ ಆಗಲ್ವೇನೋ, ಪಾಪ."

ಮೋಡ ಕವಿಯಿತು. ತಮ್ಮ ಒಳಹೋಗಿ ನಡುಮನೆಯ ಎಡಮೂಲೆಯಲ್ಲಿ ಒಂದು ತಪ್ಪಲೆಯಿಟ್ಟ. ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಮೊದಲ ಹನಿ ತಪ್ಪಲೆಯ ನಟ್ಟನಡುವೆ ಟಣ್ಣೆಂದು ಬಿತ್ತು. ಅಕ್ಕ ತಪ್ಪಲೆಯನ್ನು ನೋಡಿದಳು, ತಮ್ಮನನ್ನು ನೋಡಿದಳು, ಅಡುಗೆಮನೆಗೆ ನಡೆದಳು.

ಆ ನಾಲ್ಕು ಮೊಳೆಗಳು ಎಲ್ಲಿರಬಹುದೆಂಬುದು ತಮ್ಮನಿಗೆ ತಿಳಿದಿತ್ತು. ಹೊರಗಿನ ದುಷ್ಟನಾದರೆ ಕಿತ್ತದ್ದನ್ನು ನೀರಿಗೆ ಎಸೆದಿರುತ್ತಾನೆ. ಈ ಮನೆಯಲ್ಲಿ ಹುಟ್ಟಿದವರ ಕೈ ಎಸೆಯಲಾರದು. ಕಿತ್ತ ಮೊಳೆಯನ್ನು ಕಲ್ಲಿನ ಮೇಲಿಟ್ಟು, ತಟ್ಟಿ, ನೇರ ಮಾಡಿ, ಡಬ್ಬಿಗೆ ಹಾಕಬೇಕು. ಅದು ಅಪ್ಪನ ಕಟ್ಟಳೆ. ತಪ್ಪಿದಾಗಲೆಲ್ಲ ಬೆರಳ ಗೆಣ್ಣಿಗೆ ಏಟು ಬಿದ್ದು, ಉಣ್ಣುವ ಮುನ್ನ ಕೈ ತೊಳೆಯುವಷ್ಟು ಸಹಜವಾಗಿ ಆ ಅಭ್ಯಾಸ ಇಬ್ಬರಿಗೂ ಅಂಟಿತ್ತು.

ಅವನು ಸುತ್ತಿಗೆಯನ್ನು ಕೈಗೆತ್ತಿಕೊಂಡು ಕಪಾಟನ್ನು ತೆರೆದ. ಡಬ್ಬಿ ಅಲ್ಲಿರಲಿಲ್ಲ.

ಅದು ಅಡುಗೆಮನೆಯ ಮೇಜಿನ ಮೇಲಿತ್ತು. ಪಕ್ಕದಲ್ಲಿ ಇಕ್ಕಳ. ಎದುರಿಗೆ ಅಕ್ಕ.

"ಬಾಗಿಲು ಹಾಕು," ಎಂದಳು. ಅವಳ ದೃಷ್ಟಿ ಅವನ ಕೈಯ ಸುತ್ತಿಗೆಯ ಮೇಲಿತ್ತು.

ತಮ್ಮ ಬಾಗಿಲು ಹಾಕಿದ. ಕೂರಲಿಲ್ಲ.

"ಅಕ್ಕಾ, ಆ ಹಲಗೆ ಕಿತ್ತಿದ್ದು ನೀನೇ."

"ನಾನೇ."

"ನಾನು ಸಾಯ್ಲಿ ಅಂತಾನಾ?"

"ಮೊಣಕಾಲುದ್ದ ನೀರಲ್ಲಿ?" ಅಕ್ಕನ ತುಟಿ ಅದುರಿತು, ನಗುವೋ ಅಳುವೋ ತಿಳಿಯಲಿಲ್ಲ. "ಕೋಲು ಹಾಕಿ ಅಳೆದೇ ಕಿತ್ತೆ ಕಣೋ. ಕಾಲಿಡೋಕೆ ಮುಂಚೆ ತೂತು ಕಾಣುತ್ತೆ ಅಂದ್ಕೊಂಡೆ. ತರಚುತ್ತೆ ಅಂತ ಗೊತ್ತಿರಲಿಲ್ಲ."

"ಮತ್ಯಾಕೆ?"

"ಉಳಿದಿದ್ದು ಅದೊಂದೇ ಕಟ್ಟೆ. ಅದೂ ಮುಗಿದ್ರೆ ಬಡಗಿ ಸೈ ಅಂತಾನೆ. ಆಮೇಲೆ ಭಾನುವಾರ ನೀನು ಯಾವ ನೆಪಕ್ಕೆ ಬರ್ತೀಯ?"

ಹೊರಗೆ ಮಳೆ ಜೋರಾಯಿತು. ತಮ್ಮನ ಕಣ್ಣು ನೆಲಕ್ಕಿಳಿಯಿತು. ಸುತ್ತಿಗೆ ಮಾತ್ರ ಕೈಯಲ್ಲೇ ಇತ್ತು.

ಅಕ್ಕ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬೆರಳ ತುದಿಯಿಂದ ಒಂದಿಷ್ಟನ್ನು ಬೇರೆ ಮಾಡಿದಳು. "ಈ ನಾಲ್ಕು ಹಲಗೇದು. ಈ ಎರಡು ತಿರುಪು ಕಿಟಕೀದು. ಇಷ್ಟೇ ನಾನು ಕಿತ್ತಿದ್ದು." ಮಿಕ್ಕವನ್ನು ಅವನತ್ತ ತಳ್ಳಿದಳು: ತಲೆಗೆ ತಗಡಿನ ಬಿಲ್ಲೆಯಿದ್ದ ಒಂಬತ್ತು ಮೊಳೆಗಳು, ಒಂದೊಂದೂ ನೂಲು ಹಿಡಿದಷ್ಟು ನೇರ. "ಇವು ಚಾವಣೀದು. ನನ್ನ ಮಂಡಿ ಏಣಿಯ ಎರಡನೇ ಮೆಟ್ಟಿಲೂ ಹತ್ತಲ್ಲ. ಇದು ಯಾವ ಗಾಳಿಯಪ್ಪಾ?"

ತಮ್ಮ ಜೇಬಿಗೆ ಕೈ ಹಾಕಿ, ಬೆಳಿಗ್ಗೆಯಿಂದ ತೊಡೆಗೆ ಚುಚ್ಚುತ್ತಿದ್ದ ಹತ್ತನೆಯದನ್ನು ಹೊರತೆಗೆದು, ಒರಳುಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೇರ ಮಾಡಿ, ಡಬ್ಬಿಗೆ ಹಾಕಿದ.