ಖಾರಾಬಾತಿನ ಉಪ್ಪು

ಕಚೇರಿಗೆ ಹೋಗುವ ಮುನ್ನ ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿನ್ನುವುದು ಚಂದ್ರಮೌಳಿಯ ಅಭ್ಯಾಸ. ತಿಂದಾದ ಮೇಲೆ ಜಗಳವಾಡುವುದೂ ಈಚೆಗೆ ಅಭ್ಯಾಸವೇ ಆಗಿಹೋಗಿತ್ತು.

“ಉಪ್ಪಿಗಿಂತ ರುಚಿ ಇಲ್ಲ ಅನ್ನೋ ಗಾದೆ ಕೇಳಿಲ್ವೇನ್ರೀ? ಇವತ್ತೂ ಸಪ್ಪೆ!”

ಅಡುಗೆಯ ಭಟ್ಟರು ಒಳಗಿನಿಂದ ಬಂದು ಕೈಮುಗಿಯುತ್ತಿದ್ದರು. “ತಪ್ಪಾಯ್ತು ಸಾರ್, ನಾಳೆ ಸರಿ ಮಾಡ್ತೀನಿ.”

ನಾಳೆಯೂ ಸಪ್ಪೆಯೇ. ಸಿಟ್ಟು ನೆತ್ತಿಗೇರಿದ ಒಂದು ದಿನ ಅವನು ಮಾಲೀಕರಿಗೆ, “ಈ ಮನುಷ್ಯನ್ನ ಬಿಡಿಸಿ, ಬೇರೆಯವರನ್ನ ಇಟ್ಕೊಳ್ಳಿ,” ಎಂದೂ ಹೇಳಿದ.

ಆಮೇಲೆ ಹದಿನೈದು ದಿನ ಭಟ್ಟರು ರಜೆಯಲ್ಲಿದ್ದರು. ಅವರು ಮರಳಿದ ಬೆಳಿಗ್ಗೆ ಖಾರಾಬಾತಿಗೆ ಉಪ್ಪು ಹದವಾಗಿ ಹಿಡಿದಿತ್ತು. ಚಂದ್ರಮೌಳಿ ತಟ್ಟೆ ಬಳಿದು ತಿಂದ. ತನ್ನ ಬೈಗುಳ ಕೊನೆಗೂ ನಾಟಿತೆಂದು ಹಿಗ್ಗಿ, ತಾನೇ ಅಡುಗೆಮನೆಯ ಬಾಗಿಲಿಗೆ ಹೋದ.

“ನೋಡಿದ್ರಾ ಭಟ್ರೇ, ಮನಸ್ಸು ಮಾಡಿದ್ರೆ ಆಗುತ್ತೆ! ಇಷ್ಟು ದಿನ ಏನಾಗಿತ್ತು ನಿಮ್ಮ ಕೈಗೆ?”

ಭಟ್ಟರು ಸೌಟು ಕೆಳಗಿಟ್ಟರು.

“ಹೆಂಡ್ತಿಗೆ ಕಿಡ್ನಿ ಕಾಯಿಲೆ ಇತ್ತು ಸಾರ್. ಮೂರು ವರ್ಷ ದಿನಾ ಬೆಳಗಾಗೆದ್ದು ಅವಳಿಗೆ ಉಪ್ಪಿಲ್ಲದ ಅಡುಗೆ ಮಾಡಿಟ್ಟು ಬರ್ತಿದ್ದೆ. ಇಲ್ಲೂ ಉಪ್ಪಿನ ಡಬ್ಬಿಗೆ ಕೈ ಹಾಕೋಕೆ ಹೆದರಿಕೆ ಆಗ್ತಿತ್ತು. ಈಗ ಮನೇಲಿ ನಾನೊಬ್ನೇ.”