ಮೊಳೆ ಹೊಡೆದ ಬಾಲ್ಕನಿ

"ಈ ಮನೆ ಸೊಸೆ ಹಾರಿ ಪ್ರಾಣ ಬಿಟ್ಟಿದ್ದು ಅಲ್ಲಿಂದಾನೇ," ಎಂದು ಗೈಡ್ ಎಂದಿನಂತೆ ಮೇಲಿನ ಬಾಲ್ಕನಿಗೆ ಕೈ ತೋರಿಸಿದ. ತೋರಿಸಿದ ಕೈ ಹಾಗೇ ನಿಂತಿತು. ಇನ್ನೂರು ವರ್ಷದ ಕೆತ್ತನೆಯ ಬಾಗಿಲಿಗೆ ಅಡ್ಡಡ್ಡ ಹಲಗೆ ಇಟ್ಟು ಮೊಳೆ ಹೊಡೆದಿದ್ದರು.

ಆ ಸೊಸೆ ಹುಟ್ಟಿದ್ದೂ ಸತ್ತದ್ದೂ ಅವನ ಬಾಯಲ್ಲೇ. ಬರೀ ಕಂಬ, ಕಮಾನು ಅಂದರೆ ಪ್ರವಾಸಿಗರು ಆಕಳಿಸುತ್ತಿದ್ದರು.

ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದಳು. ಇವತ್ತು ಬೈಗುಳ ಗ್ಯಾರಂಟಿ ಎಂದುಕೊಂಡ. ಅವಳು ದನಿ ತಗ್ಗಿಸಿ ಅಂದಳು: "ನಿನ್ನ ಬಾಯಲ್ಲಿ ಕೇಳೋವರೆಗೂ ನಮಗೇ ಗೊತ್ತಿರಲಿಲ್ಲಪ್ಪ. ದಿನಾ ಅಲ್ಲೇ ಕೂತು ನಗ್ತಿದ್ವಲ್ಲ! ನಮ್ಮೋರೇ ಅವಳಿಗೆ ಅನ್ಯಾಯ ಮಾಡಿರಬೇಕು. ಹೆಸರಾದ್ರೂ ಹೇಳು, ಕ್ಷಮೆ ಕೇಳ್ಕೋತೀನಿ."

ಪ್ರವಾಸಿಗರೆಲ್ಲ ಅವನನ್ನೇ ನೋಡುತ್ತಿದ್ದರು. ನಿಜ ಹೇಳಿಬಿಡಬೇಕೆಂದೇ ಅವನು ಬಾಯಿ ತೆರೆದ. ಹೊರಗೆ ಬಿದ್ದದ್ದು ಇನ್ನೂ ಶಾಲೆಗೆ ಹೋಗುತ್ತಿದ್ದ ಅವನ ಮಗಳ ಹೆಸರು.