ಇಪ್ಪತ್ತಮೂರು ಸೊನ್ನೆ

ಸುಳಿಗಾಳಿ ನೇರವಾಗಿ ಆಳೆತ್ತರದ ಕಂಬದತ್ತಲೇ ಬರುತ್ತಿತ್ತು. ತುದಿಯಲ್ಲಿ ಗಾಳಿಯ ವೇಗ ಅಳೆಯುವ ಬಟ್ಟಲುಗಳು ಗಿರ್ರೆಂದು ತಿರುಗಿದವು. ಅಷ್ಟರಲ್ಲಿ ಮೇಕೆಗಳನ್ನು ಬಿಟ್ಟು ಓಡಿಬಂದ ಕುಂಜೆಸ್ ಮುದುಕಿ ಹೆಗಲ ಶಾಲನ್ನು ಬಟ್ಟಲುಗಳಿಗೆ ಬಿಗಿಯಾಗಿ ಸುತ್ತಿ, ಕಂಬ ತಬ್ಬಿ ನಿಂತಳು. ಧೂಳು ಅವಳ ಮೇಲೆಯೇ ಹಾದುಹೋಯಿತು.

ಕಂಬ ಕಿತ್ತುಕೊಂಡು ಹೋಗಲು ಲೇಹ್‌ನಿಂದ ಬಂದಿದ್ದ ಜಿಗ್ಮೆತ್ ಅದನ್ನು ನೋಡುತ್ತ ಬಂಡೆಯ ಮೇಲೆ ಕೂತುಬಿಟ್ಟ. ನಲವತ್ತು ದಿನ ಈ ಬಯಲಿನ ಸುಳಿಗಾಳಿ ಅಳೆಯಲೆಂದು ಇಟ್ಟ ಯಂತ್ರ ಅದು. ಹಗಲೆಲ್ಲ ಬೀಸುಗಾಳಿ ದಾಖಲಿಸಿ, ನಡುನಡುವೆ ಕಾರಣವಿಲ್ಲದೆ ಸೊನ್ನೆ ತೋರಿಸುತ್ತಿತ್ತು. ಕೆಟ್ಟಿದೆಯೆಂದು ಎರಡು ಸಲ ಬಿಚ್ಚಿ ಜೋಡಿಸಿದ್ದ.

"ಏನಮ್ಮಾ ಇದು, ಅಮಾ-ಲೆ?" ಅವನು ಕೂತಲ್ಲಿಂದಲೇ ಕೇಳಿದ.

"ಚೆನ್ನಾಗಿ ನೋಡ್ಕೊಳ್ಳಿ ಅಂತ ನೀನೇ ಹೇಳಿದ್ಯಲ್ಲಪ್ಪ. ಸುತ್ತದೇ ಹೋಗಿದ್ರೆ ನಿನ್ನ ಬಟ್ಟಲು ನಿನಗಿಂತ ಮೊದ್ಲೇ ಲೇಹ್ ಸೇರಿರ್ತಿತ್ತು." ಅವಳು ಕಣ್ಣಿನ ಧೂಳು ಒರೆಸಿಕೊಂಡು ಶಾಲು ಬಿಚ್ಚತೊಡಗಿದಳು. "ಸುಳಿ ಬಂದಾಗ ಸುತ್ತೋದು, ಹೋದ್ಮೇಲೆ ಬಿಚ್ಚೋದು. ಒಂದನ್ನೂ ತಪ್ಪಿಸಿಲ್ಲ. ಓಡಿ ಓಡಿ ಮಂಡಿ ಹೋಯ್ತು."

"ಒಂದನ್ನೂ?"

"ಒಂದನ್ನೂ."

ಜಿಗ್ಮೆತ್ ಚೀಲದಿಂದ ಯಂತ್ರದ ದಾಖಲೆಯ ಪಟ್ಟಿ ತೆಗೆದ. ಇಪ್ಪತ್ತಮೂರು ಸೊನ್ನೆ. ಪ್ರತಿಯೊಂದಕ್ಕೂ ಶುರುವಾದ ಹೊತ್ತು, ಮುಗಿದ ಹೊತ್ತು. ಒಂದೊಂದು ಸೊನ್ನೆಯೂ ಒಂದೊಂದು ಸುಳಿ. ಆಮೇಲೆ ರಬ್ಬರು ಹುಡುಕಿ, ತಪ್ಪೆಂದು ತಾನೇ ಹೊಡೆದಿದ್ದ ಪೆನ್ಸಿಲ್ ಗೀಟುಗಳನ್ನು ಒಂದೊಂದಾಗಿ ಅಳಿಸತೊಡಗಿದ.